ಹಳೆಯ ಕಂಪ್ಯೂಟರುಗಳ ಕೂಟಕ್ಕೊಬ್ಬ ದುಭಾಷಿ

ಹಳೆಯ ಕಂಪ್ಯೂಟರುಗಳನ್ನು ಕೂಡಿಹಾಕುವ ಹವ್ಯಾಸವುಳ್ಳವರು ಸಾಮಾನ್ಯವಾಗಿ ತಮ್ಮಲ್ಲಿರುವ ಯಂತ್ರಗಳ ಪೈಕಿ ಅತ್ಯಂತ ಪುರಾತನವಾದುದನ್ನೇ ಮೊದಲು ಮೇಜಿನ ಮೇಲಿರಿಸಿಕೊಂಡು, ಅದರ ಪರದೆಯ ಮೇಲೆ ನಾಲ್ಕು ಅಕ್ಷರಗಳಾದರೂ ಮೂಡಲೆಂಬ ಆತುರದಿಂದ ಕೆಲಸಕ್ಕೆ ತೊಡಗುತ್ತಾರೆ. ಉತ್ಸಾಹವೇನೋ ಸಹಜವಾದದ್ದೇ. ಆದರೆ 1986ರ ಯಂತ್ರವೊಂದಕ್ಕೆ ಬೇಕಾದ ತಂತ್ರಾಂಶವು ಇಂದು ದೊರೆಯುವುದು ಅಂತರ್ಜಾಲದಲ್ಲಿ. ಆ ಯಂತ್ರಕ್ಕೆ ಪರಿಚಯವಿರುವುದು ಐದೂಕಾಲು ಇಂಚಿನ ಫ್ಲಾಪಿಯೊಂದೇ. ನಮ್ಮ ನಿತ್ಯಬಳಕೆಯ ಲ್ಯಾಪ್‌ಟಾಪಿಗಾದರೋ ಫ್ಲಾಪಿಯ ಗಂಧವೇ ಇಲ್ಲ. ಒಬ್ಬರ ಭಾಷೆಯನ್ನೊಬ್ಬರು ಅರಿಯದ ಈ ಇಬ್ಬರ ನಡುವೆ ದುಭಾಷಿಯಾಗಿ ನಿಲ್ಲಬಲ್ಲ ಮೂರನೆಯ ಯಂತ್ರವೊಂದು, ಎಂದರೆ ಫ್ಲಾಪಿಯನ್ನೂ ಪೆನ್‌ಡ್ರೈವನ್ನೂ, ಸೀರಿಯಲ್ ಪೋರ್ಟನ್ನೂ ನೆಟ್‌ವರ್ಕ್ ಕೇಬಲನ್ನೂ ಏಕಕಾಲದಲ್ಲಿ ಬಲ್ಲ ನಡುವಯಸ್ಸಿನದೊಂದು, ಸಂಗ್ರಹದಲ್ಲಿ ಇಲ್ಲದಿದ್ದ ಪಕ್ಷಕ್ಕೆ ಉಳಿದವುಗಳೆಲ್ಲವೂ ಬರಿಯ ಪ್ರದರ್ಶನದ ವಸ್ತುಗಳಾಗಿ ಉಳಿಯುವ ಸಂಭವವೇ ಹೆಚ್ಚು. ಆದಕಾರಣ ಪ್ರಥಮತಃ ಸಂಪಾದಿಸತಕ್ಕದ್ದು ಇಂತಹ ದುಭಾಷಿಯನ್ನು. ಹಿರಿಯರ ಸರದಿ ತರುವಾಯದ್ದು.

ಈ ಕೆಲಸಕ್ಕೆ 1998ರಿಂದ 2001ರ ಅವಧಿಯ ಪೆಂಟಿಯಮ್ 2 ಅಥವಾ ಪೆಂಟಿಯಮ್ 3 ಯಂತ್ರಕ್ಕಿಂತ ಉತ್ತಮವಾದುದನ್ನು ನಾನು ಕಾಣೆ. ಅದರಲ್ಲಿಯೂ ಇಂಟೆಲ್ ಕಂಪನಿಯು 1998ರಲ್ಲಿ ಹೊರತಂದ 440 ಬಿಎಕ್ಸ್ ಚಿಪ್‌ಸೆಟ್ ಉಳ್ಳ ಮದರ್‌ಬೋರ್ಡು ದೊರೆತರೆ ಅದನ್ನು ಬಿಡಬಾರದು: ಅಂತಹ ಬೋರ್ಡುಗಳಲ್ಲಿ ಹಳೆಯ ಕಾರ್ಡುಗಳಿಗೆ ಬೇಕಾದ ಐಎಸ್‌ಎ ಸ್ಲಾಟು ಸಾಮಾನ್ಯವಾಗಿ ಒಂದೆರಡಾದರೂ ಉಳಿದಿರುತ್ತದೆ, ಯುಎಸ್‌ಬಿ ಆಗಲೇ ಬಂದು ಸೇರಿರುತ್ತದೆ, ಫ್ಲಾಪಿಯ ಕೇಬಲಿಗೆ ಮೂರೂವರೆ ಇಂಚಿನ ಡ್ರೈವನ್ನಲ್ಲದೆ ಐದೂಕಾಲು ಇಂಚಿನದನ್ನೂ ಜೋಡಿಸಬಹುದು. ಪೇಟೆಯಲ್ಲಿ ಹೊಸದಾಗಿ ಸಿಕ್ಕುವ ಯುಎಸ್‌ಬಿ ಫ್ಲಾಪಿ ಡ್ರೈವು ಮೂರೂವರೆ ಇಂಚಿನ ತಟ್ಟೆಗಳನ್ನು ಮಾತ್ರವೇ ಓದುವುದಾದ್ದರಿಂದ ಅದು ಇದಕ್ಕೆ ಪ್ರತಿನಿಧಿಯಾಗಲಾರದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಯಾವುದೇ ಊರಿನ ಗುಜರಿ ಅಂಗಡಿಯಲ್ಲಾಗಲಿ ಇಂತಹ ಯಂತ್ರವನ್ನು ಹುಡುಕುವವರು ಡಬ್ಬಿಯ ಹೊರಮೈಯ ಮೆರುಗಿಗೆ ಮರುಳಾಗದೆ, ಬಾಗಿಲು ಬಿಚ್ಚಿ, ಒಳಗಿನ ಬೋರ್ಡಿನ ಮೇಲೆ ಕಪ್ಪು ಬಣ್ಣದ ಉದ್ದನೆಯ ಐಎಸ್‌ಎ ಸ್ಲಾಟು ಇದೆಯೇ ಎಂಬುದನ್ನೂ, ಕೆಪ್ಯಾಸಿಟರುಗಳ ನೆತ್ತಿ ಉಬ್ಬಿಕೊಂಡಿಲ್ಲವೇ ಎಂಬುದನ್ನೂ ಕಣ್ಣಾರೆ ಕಂಡೇ ದುಡ್ಡು ಕೊಡುವುದು ಲೇಸು.

ಯಾವುದೇ ಕಾರ್ಯಾಚರಣ ವ್ಯವಸ್ಥೆಯ ಮಾತೆತ್ತುವುದಕ್ಕೆ ಮುಂಚೆ ವಿದ್ಯುತ್ತಿನ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಹೊರದೇಶದಿಂದ ಬಂದ ಹಳೆಯ ಯಂತ್ರಗಳ ಬೆನ್ನಿನ ಮೇಲೆ, ಪವರ್ ಸಪ್ಲೈಯ ಪಕ್ಕದಲ್ಲಿ, 115 ಮತ್ತು 230 ಎಂದು ಬರೆದ ಪುಟ್ಟದೊಂದು ಕೆಂಪು ಸ್ವಿಚ್ಚು ಇರುವುದುಂಟು. ಅದು 115ರ ಕಡೆಗಿರುವಾಗ ನಮ್ಮ ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮುಂದಿನ ಕೆಲಸವೆಲ್ಲ ತಾನಾಗಿಯೇ ಮುಕ್ತಾಯವಾಗುತ್ತದೆ. ಪೆಂಟಿಯಮ್‌ಗಿಂತ ಹಿಂದಿನ ಯಂತ್ರಗಳಲ್ಲಿ ಪವರ್ ಸಪ್ಲೈಯಿಂದ ಮದರ್‌ಬೋರ್ಡಿಗೆ ಹೋಗುವ ತಂತಿಗಳು ಪಿ8, ಪಿ9 ಎಂಬ ಎರಡು ಪ್ರತ್ಯೇಕ ತುಂಡುಗಳಾಗಿರುತ್ತವೆ. ಇವೆರಡನ್ನೂ ಅದಲುಬದಲಾಗಿ ಸಿಕ್ಕಿಸುವುದು ಸಾಧ್ಯವಿದ್ದು, ಹಾಗೆ ಮಾಡಿದರೆ ಬೋರ್ಡು ಸುಟ್ಟುಹೋಗುವುದೂ ಅಷ್ಟೇ ಸಾಧ್ಯವಾಗಿರುವುದರಿಂದ, ಎರಡರ ಕಪ್ಪು ತಂತಿಗಳೂ ನಡುವೆ ಒಂದರ ಪಕ್ಕ ಒಂದು ಬರುವಂತಿರಬೇಕೆಂಬ ನಿಯಮವನ್ನು ರಿಪೇರಿಯವರು ಮಂತ್ರದಂತೆ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಇನ್ನು ಹಳೆಯ ಗಾಜಿನ ಮಾನಿಟರಿನೊಳಕ್ಕೆ ಕೈ ಹಾಕುವ ಸಾಹಸ ಮಾತ್ರ ಬೇಡ; ಅದರೊಳಗಿನ ವಿದ್ಯುತ್ತು ಹತ್ತಾರು ಸಾವಿರ ವೋಲ್ಟುಗಳಷ್ಟು ಪ್ರಬಲವಾದದ್ದು, ಪ್ಲಗ್ಗು ಕಿತ್ತ ಮೇಲೆಯೂ ಕೆಲಕಾಲ ಅಲ್ಲಿಯೇ ಹೊಂಚುಹಾಕಿಕೊಂಡಿರತಕ್ಕದ್ದು.

ಬ್ಯಾಟರಿಯ ವಿಷಯವನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ 286ರಿಂದ 486ರವರೆಗಿನ ಯಂತ್ರಗಳಲ್ಲಿ ಅಪಮೃತ್ಯುವಿಗೆ ಗುರಿಯಾದವುಗಳ ಪೈಕಿ ಅನೇಕವು ಇದರಿಂದಲೇ ನಾಶವಾದವು. ಈ ಬೋರ್ಡುಗಳಲ್ಲಿ ಗಡಿಯಾರವನ್ನೂ ಸೆಟ್ಟಿಂಗುಗಳನ್ನೂ ಕಾಯ್ದಿಡುವ ಸಲುವಾಗಿ ಪೀಪಾಯಿಯಾಕಾರದ, ಸಾಮಾನ್ಯವಾಗಿ ನೀಲಿ ಅಥವಾ ಹಸಿರು ಬಣ್ಣದ, 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯೊಂದನ್ನು ಬೆಸುಗೆ ಹಾಕಿರುತ್ತಾರೆ. ಕಾಲಕ್ರಮದಲ್ಲಿ ಅದು ಸೋರಿ, ಅದರೊಳಗಿನ ಕ್ಷಾರವು ಅಕ್ಕಪಕ್ಕದ ತಾಮ್ರದ ಗೆರೆಗಳನ್ನು ಸದ್ದಿಲ್ಲದೆ ತಿಂದುಹಾಕುತ್ತದೆ. ಯಂತ್ರ ಕೈಗೆ ಬಂದೊಡನೆಯೇ, ಅದು ಸೋರಿರಲಿ ಬಿಡಲಿ, ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯತಕ್ಕದ್ದು. ಹಸಿರು ಮಿಶ್ರಿತ ಬಿಳಿಯ ಹುಡಿ ಅಲ್ಲೇನಾದರೂ ಕಂಡುಬಂದರೆ ಹತ್ತಿಯನ್ನು ವಿನೆಗರಿನಲ್ಲಿ ಅದ್ದಿ ಒರೆಸಿ ಕ್ಷಾರವನ್ನು ಶಮನಗೊಳಿಸಿ, ಬಳಿಕ ಶುದ್ಧಜಲದಿಂದಲೂ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದಲೂ ತೊಳೆದು ಚೆನ್ನಾಗಿ ಒಣಗಿಸಬೇಕು. ಖಾಲಿಯಾದ ಸ್ಥಾನಕ್ಕೆ ಸಾಧಾರಣ ಸೆಲ್ಲುಗಳನ್ನು ನೇರವಾಗಿ ಬೆಸೆದರೆ, ಹಳೆಯ ಅಭ್ಯಾಸದಂತೆ ಬೋರ್ಡು ಅವನ್ನು ಚಾರ್ಜು ಮಾಡಲೆತ್ನಿಸುವುದರಿಂದ ನಡುವೆ ಡಯೋಡೊಂದನ್ನು ಇಡುವುದು ಅವಶ್ಯಕ. ಬಹುಪಾಲು ಬೋರ್ಡುಗಳಲ್ಲಿ ಹೊರಗಣ ಬ್ಯಾಟರಿಗೆಂದೇ ನಾಲ್ಕು ಪಿನ್ನುಗಳ ಪ್ರತ್ಯೇಕ ಏರ್ಪಾಡಿರುತ್ತದಾಗಿ, ಸೆಲ್ಲಿನ ಪೆಟ್ಟಿಗೆಯನ್ನು ಅಲ್ಲಿಗೆ ಜೋಡಿಸಿ ಬೋರ್ಡಿನಿಂದ ದೂರದಲ್ಲಿ ಇಟ್ಟುಬಿಡುವುದೇ ಹೆಚ್ಚು ಕ್ಷೇಮಕರ. ಹಳೆಯ ಮ್ಯಾಕಿಂತೋಷುಗಳಲ್ಲಿರುವ ಅರ್ಧ ಡಬಲ್-ಎ ಗಾತ್ರದ ಲಿಥಿಯಮ್ ಬ್ಯಾಟರಿಯೂ ಇದೇ ಕುಲಕ್ಕೆ ಸೇರಿದ್ದು. ಅದನ್ನು ಒಳಗೇ ಬಿಟ್ಟು ಯಂತ್ರವನ್ನು ಅಟ್ಟಕ್ಕೆ ಹಾಕಿದವರು ಕೆಲವು ವರ್ಷಗಳ ನಂತರ ತೆರೆದು ನೋಡಿದಾಗ ತುಕ್ಕಿನ ಮುದ್ದೆಯನ್ನಷ್ಟೇ ಕಂಡ ಪ್ರಸಂಗಗಳು ವಿರಳವಲ್ಲ.

ಯಂತ್ರ ಜೀವ ತಳೆಯಿತೆನ್ನಿ. ಆಗಲೂ ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಏನನ್ನೂ ಬರೆಯಲು ಹೋಗದೆ, ಅದರೊಳಗೆ ಇರುವುದೆಲ್ಲವನ್ನೂ ಇದ್ದದ್ದು ಇದ್ದಂತೆಯೇ ಪ್ರತಿ ತೆಗೆದಿಡುವುದು ಸಂಗ್ರಾಹಕನ ಮೊದಲ ಕರ್ತವ್ಯ. ಯಾರದೋ ಕಚೇರಿಯ ಲೆಕ್ಕಪತ್ರ, ಎಲ್ಲಿಯೂ ದೊರೆಯದ ಡ್ರೈವರು, ಮರೆತುಹೋದ ಆಟ, ಇವುಗಳಲ್ಲಿ ಏನು ಅಡಗಿದೆಯೆಂಬುದು ಮೊದಲೇ ತಿಳಿಯುವಂತಿಲ್ಲ. ಐಡಿಇ ಡಿಸ್ಕಾದರೆ ದುಭಾಷಿ ಯಂತ್ರಕ್ಕೇ ಜೋಡಿಸಿ, ಲಿನಕ್ಸಿನ ಡಿಡಿ-ರೆಸ್ಕ್ಯೂ ಎಂಬ ಸಾಧನದಿಂದ ಸೆಕ್ಟರು ಸೆಕ್ಟರಾಗಿ ನಕಲು ಮಾಡಬಹುದು. ಐಡಿಇಗಿಂತ ಹಿಂದಿನ, 20 ಮೆಗಾಬೈಟಿನ ಆಸುಪಾಸಿನ ಭಾರದ ಡಿಸ್ಕುಗಳು ಮಾತ್ರ ತಮ್ಮದೇ ಕಂಟ್ರೋಲರ್ ಕಾರ್ಡಿನ ವಿನಾ ಬೇರೆ ಯಾರಿಗೂ ಬಾಯಿ ಬಿಡುವುದಿಲ್ಲವಾದ್ದರಿಂದ, ಅವನ್ನೂ ಆ ಕಾರ್ಡನ್ನೂ ಅಗಲಿಸಕೂಡದು.

ಫ್ಲಾಪಿಗಳ ವಿಷಯದಲ್ಲಿ ನಮ್ಮ ಕರಾವಳಿ ಮಲೆನಾಡುಗಳವರಿಗೆ ಬೂಷ್ಟಿನ ಕಾಟ ವಿಶೇಷ. ತಟ್ಟೆಯ ಕಿಂಡಿಯನ್ನು ಸರಿಸಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಮಸುಕಾದ ಚುಕ್ಕೆಗಳೋ ಜೇಡರ ಬಲೆಯಂತಹ ಎಳೆಗಳೋ ಕಂಡರೆ, ಅಂತಹದನ್ನು ಹಾಗೆಯೇ ಡ್ರೈವಿಗೆ ತುರುಕಬಾರದು. ತುರುಕಿದರೆ ಆ ಕೊಳೆಯು ಓದುವ ತಲೆಗೆ ಅಂಟಿಕೊಂಡು, ಅನಂತರ ಹಾಕುವ ಒಳ್ಳೆಯ ತಟ್ಟೆಗಳನ್ನೂ ಗೀರಿ ಹಾಳುಮಾಡುತ್ತದೆ. ಓದಿಸುವುದಕ್ಕೆ ಮುನ್ನ ಬರಹಕ್ಕೆ ಬೀಗ ಹಾಕತಕ್ಕದ್ದು. ಈ ಬೀಗದಲ್ಲೊಂದು ತಮಾಷೆಯಿದೆ: ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಮೂಲೆಯ ಕಿಟಕಿ ತೆರೆದಿದ್ದರೆ ಬೀಗ ಬಿದ್ದಂತೆ, ಐದೂಕಾಲು ಇಂಚಿನದರಲ್ಲಿ ಅಂಚಿನ ಕಚ್ಚನ್ನು ಪಟ್ಟಿ ಅಂಟಿಸಿ ಮುಚ್ಚಿದರೆ ಬೀಗ ಬಿದ್ದಂತೆ. ಬೀಗವಿಲ್ಲದ ಹಳೆಯ ಫ್ಲಾಪಿಯನ್ನು ವಿಂಡೋಸ್ 95 ಅಥವಾ 98 ಸುಮ್ಮನೆ ಓದುವುದೂ ಇಲ್ಲ. ತನ್ನ ಗುರುತಿಗೋಸ್ಕರ ಮೊದಲ ಸೆಕ್ಟರಿನಲ್ಲಿರುವ ಹೆಸರನ್ನೇ ತಿದ್ದಿಬಿಡುವ ದುರಭ್ಯಾಸ ಅದಕ್ಕುಂಟು. ಇನ್ನೊಂದು ಎಚ್ಚರಿಕೆ: 360 ಕಿಲೋಬೈಟಿನ ಡ್ರೈವಿನಲ್ಲಿ ಮೊದಲೇ ಬಳಸಿದ ತಟ್ಟೆಯ ಮೇಲೆ 1.2 ಮೆಗಾಬೈಟಿನ ಡ್ರೈವಿನಿಂದ ಬರೆದರೆ, ಅದರ ತಲೆ ಕಿರಿದಾದ್ದರಿಂದ ಹೊಸ ಗೆರೆಯ ಎರಡೂ ಪಕ್ಕಗಳಲ್ಲಿ ಹಳೆಯ ಗೆರೆಯ ಶೇಷ ಉಳಿದು, ಮೂಲಡ್ರೈವು ಓದುವಾಗ ತಬ್ಬಿಬ್ಬಾಗುತ್ತದೆ. ಫ್ಲಾಪಿಯ ಸಹವಾಸವೇ ಬೇಡವೆನ್ನುವವರಿಗೆ ಗೋಟೆಕ್ ಎಂಬ ಉಪಕರಣವಿದೆ. ಅದು ಡ್ರೈವಿನ ಜಾಗದಲ್ಲಿಯೇ ಕುಳಿತು, ಪೆನ್‌ಡ್ರೈವಿನಲ್ಲಿರುವ ಪ್ರತಿಗಳನ್ನು ಹಳೆಯ ಯಂತ್ರಕ್ಕೆ ಫ್ಲಾಪಿಯೆಂದೇ ನಂಬಿಸುತ್ತದೆ. ಶುದ್ಧಿವಾದಿಗಳು ಮೂಗು ಮುರಿದರೂ ನನಗಂತೂ ಅದರಲ್ಲಿ ದೋಷ ಕಾಣುವುದಿಲ್ಲ.

ಈಗ ಮುಖ್ಯ ಪ್ರಶ್ನೆ: ಯಾವ ಯಂತ್ರಕ್ಕೆ ಯಾವ ವ್ಯವಸ್ಥೆ? ಪೆಟ್ಟಿಗೆಯ ಮೇಲೆ ಕಂಪನಿಯವರು ಅಚ್ಚು ಹಾಕಿಸಿದ ಕನಿಷ್ಠ ಅರ್ಹತೆಗಳನ್ನು ನಂಬಿ ಹೊರಟರೆ ದುಃಖವೇ ಗತಿ. ವಿಂಡೋಸ್ 95ಕ್ಕೆ 386 ಪ್ರೊಸೆಸರೂ 4 ಮೆಗಾಬೈಟ್ ಮೆಮೊರಿಯೂ ಸಾಕೆಂದು ಅಂದು ಪ್ರಕಟಿಸಿದ್ದುಂಟು. ಅಂತಹ ಯಂತ್ರದಲ್ಲಿ ಅದು ಏಳುವುದೇನೋ ನಿಜ, ಆದರೆ ಒಂದು ಕಡತವನ್ನು ತೆರೆಯುವಷ್ಟರಲ್ಲಿ ಅಡಿಗೆಮನೆಯಲ್ಲಿ ಕಾಫಿ ಸೋಸಿಕೊಂಡು ಬರಬಹುದು. ಯಂತ್ರ ತಯಾರಾದ ಕಾಲದಲ್ಲಿ ಬಂದ ವ್ಯವಸ್ಥೆಯನ್ನೋ, ಅದಕ್ಕಿಂತ ಒಂದೆರಡು ವರ್ಷ ಹಿಂದಿನದನ್ನೋ ಆರಿಸುವುದು, ಮುಂದಿನದರ ಆಸೆಗೆ ಬೀಳದಿರುವುದು ನನ್ನ ಮಟ್ಟಿನ ಸೂತ್ರ. ಇದರಂತೆ 8088 ಮತ್ತು 286 ಯಂತ್ರಗಳಿಗೆ ಡಾಸ್ ಒಂದೇ ಸಾಕು. 286ರಲ್ಲಿ ವಿಂಡೋಸ್ 3.1 ಸ್ಟ್ಯಾಂಡರ್ಡ್ ಮೋಡಿನಲ್ಲಿ ಓಡುವುದಾದರೂ ಅದು ಕುತೂಹಲದ ಸಂಗತಿಯೇ ಹೊರತು ಸುಖದ್ದಲ್ಲ. 386 ಮತ್ತು 486ಗಳಿಗೆ 1994ರ ಎಂಎಸ್-ಡಾಸ್ 6.22 ಹಾಗೂ ಅದರ ಮೇಲೆ 1992ರ ವಿಂಡೋಸ್ 3.1 ಬಹಳ ಸೊಗಸಾದ ಜೋಡಿ. ಮೊದಲ ಪೆಂಟಿಯಮ್‌ಗಳಿಗೆ ವಿಂಡೋಸ್ 95. ಪೆಂಟಿಯಮ್ 2, 3ಗಳಿಗೆ 1999ರ ವಿಂಡೋಸ್ 98 ಎರಡನೆಯ ಆವೃತ್ತಿ. ಪೆಂಟಿಯಮ್ 4ರ ಪೀಳಿಗೆಗೆ 2001ರ ಎಕ್ಸ್‌ಪಿ. ಡಾಸ್ ಮೂಲಪ್ರತಿ ಕೈಯಲ್ಲಿಲ್ಲದವರು ಜಿಮ್ ಹಾಲ್ 1994ರಲ್ಲಿ ಆರಂಭಿಸಿದ, ಇಂದಿಗೂ ಬೆಳೆಯುತ್ತಿರುವ ಫ್ರೀಡಾಸ್ ಎಂಬ ಉಚಿತ ವ್ಯವಸ್ಥೆಯನ್ನು ನಿಶ್ಚಿಂತೆಯಿಂದ ಬಳಸಬಹುದು. ಮೈಕ್ರೋಸಾಫ್ಟ್ ತಾನೇ ಎಂಎಸ್-ಡಾಸ್ 1.25, 2.0, ಮತ್ತು 2024ರಲ್ಲಿ 4.00 ಇವುಗಳ ಮೂಲಸಂಕೇತವನ್ನು ಮುಕ್ತವಾಗಿ ಬಿಡುಗಡೆ ಮಾಡಿದೆಯಾದರೂ, ವಿಂಡೋಸಿನ ಆವೃತ್ತಿಗಳು ಹಕ್ಕುಸ್ವಾಮ್ಯಕ್ಕೆ ಒಳಪಟ್ಟೇ ಇವೆ. ಯಂತ್ರದೊಡನೆ ಬಂದ ಸಿಡಿಯನ್ನೂ, ಕವಚಕ್ಕೆ ಅಂಟಿಸಿದ ಕೀಲಿಸಂಖ್ಯೆಯ ಚೀಟಿಯನ್ನೂ ಜೋಪಾನ ಮಾಡುವುದಕ್ಕೆ ಇದೊಂದು ಕಾರಣ.

ಡಿಸ್ಕು ಹೊಂದಿಸುವಾಗ ಎದುರಾಗುವ ಮಿತಿಗಳು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಅವುಗಳ ಹಿಂದಿರುವುದು ಸರಳವಾದ ಗುಣಾಕಾರವೇ. ಹಳೆಯ ಬಯಾಸ್ ಒಂದು ಡಿಸ್ಕಿನಲ್ಲಿ 1024 ಸಿಲಿಂಡರ್, 16 ತಲೆ, 63 ಸೆಕ್ಟರುಗಳಿಗಿಂತ ಹೆಚ್ಚು ಎಣಿಸಲಾರದು. ಸೆಕ್ಟರೊಂದಕ್ಕೆ 512 ಬೈಟಿನಂತೆ ಇವನ್ನು ಗುಣಿಸಿದರೆ ಸುಮಾರು 52.8 ಕೋಟಿ ಬೈಟು, ಎಂದರೆ 504 ಮೆಗಾಬೈಟು ಬರುತ್ತದೆ, ಅಷ್ಟರ ಆಚೆಗೆ ಇರುವುದೆಲ್ಲ ಅದಕ್ಕೆ ಶೂನ್ಯ. ತಲೆಗಳ ಸಂಖ್ಯೆಯನ್ನು 255ಕ್ಕೆ ಏರಿಸಿಕೊಂಡ ಮುಂದಿನ ಬಯಾಸುಗಳು 8.4 ಗಿಗಾಬೈಟಿನವರೆಗೆ ಕಾಣಬಲ್ಲವು. ಡಾಸಿನ ಫ್ಯಾಟ್16 ಪದ್ಧತಿಯು ಒಂದು ಪಾರ್ಟಿಷನ್ನಿಗೆ 2 ಗಿಗಾಬೈಟಿನ ಮೇರೆ ಹಾಕಿತ್ತು. ಅಷ್ಟು ದೊಡ್ಡ ಪಾರ್ಟಿಷನ್ನಿನಲ್ಲಿ ನಾಲ್ಕು ಸಾಲಿನ ಪತ್ರವೂ 32 ಕಿಲೋಬೈಟಿನ ಜಾಗವನ್ನು ಕಬಳಿಸುತ್ತದೆಯಾದ್ದರಿಂದ, ಡಾಸ್ ಯಂತ್ರಕ್ಕೆ 500 ಮೆಗಾಬೈಟಿನ ಒಂದೆರಡು ಚಿಕ್ಕ ಪಾರ್ಟಿಷನ್ನುಗಳೇ ಸಾಕೆಂದು ನನ್ನ ಅಭಿಮತ. ಹಳೆಯ ಡಿಸ್ಕು ಕೆಟ್ಟುಹೋದಲ್ಲಿ ಅದರ ಬದಲು ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡನ್ನು ಬಳಸಬಹುದು. 1994ರಲ್ಲಿ ಸ್ಯಾನ್‌ಡಿಸ್ಕ್ ಹೊರತಂದ ಈ ಕಾರ್ಡು ವಿದ್ಯುತ್ ಸಂಪರ್ಕದ ದೃಷ್ಟಿಯಿಂದ ಐಡಿಇಯ ದಾಯಾದಿಯೇ ಆಗಿರುವುದರಿಂದ, ಪಿನ್ನುಗಳನ್ನು ಹೊಂದಿಸುವ ಅಗ್ಗದ ಅಡಾಪ್ಟರೊಂದಿದ್ದರೆ ಯಂತ್ರಕ್ಕೆ ಅದು ಹಾರ್ಡ್ ಡಿಸ್ಕಾಗಿಯೇ ತೋರುತ್ತದೆ. ಇದರಲ್ಲಿ ನಮಗೆ ದೊಡ್ಡದೊಂದು ಅನುಕೂಲವುಂಟು: ಕಾರ್ಡನ್ನು ಹೊರಗೆಳೆದು ರೀಡರಿಗೆ ಹಾಕಿದರೆ ಇಂದಿನ ಲ್ಯಾಪ್‌ಟಾಪೂ ಅದನ್ನು ಓದುತ್ತದೆ.

ಡಾಸ್ ಸ್ಥಾಪಿಸುವ ಕ್ರಮವನ್ನು ಹತ್ತಿರದಿಂದ ನೋಡೋಣ. ಬಯಾಸಿನ ಸೆಟಪ್ಪಿನಲ್ಲಿ ಡಿಸ್ಕಿನ ಬಗೆಯನ್ನು ಕೇಳುವ ಹಳೆಯ ಬೋರ್ಡಾದರೆ, ಅಲ್ಲಿರುವ ಸಿದ್ಧಪಟ್ಟಿಯನ್ನೆಲ್ಲ ದಾಟಿ ಸಾಮಾನ್ಯವಾಗಿ ಕೊನೆಯದಾದ 47ನೆಯ ಬಗೆಯನ್ನು ಆರಿಸಿ, ಸಿಲಿಂಡರ್, ತಲೆ, ಸೆಕ್ಟರುಗಳ ಸಂಖ್ಯೆಯನ್ನು ಕೈಯಾರೆ ತುಂಬಬೇಕು. ತುಂಬಿದ್ದನ್ನು ಒಂದು ಚೀಟಿಯಲ್ಲಿ ಬರೆದು ಕವಚದ ಒಳಮೈಗೆ ಅಂಟಿಸಿದರೆ, ಮುಂದೆ ಬ್ಯಾಟರಿ ಸತ್ತ ದಿನ ಆ ಚೀಟಿಯ ಬೆಲೆ ತಿಳಿಯುತ್ತದೆ. ಅನಂತರ ಡಾಸಿನ ಮೊದಲ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ, ಎಫ್‌ಡಿಸ್ಕ್ ಮೂಲಕ ಪಾರ್ಟಿಷನ್ನು ಮಾಡಿ, ಅದನ್ನು ಆ್ಯಕ್ಟಿವ್ ಎಂದು ಗುರುತಿಸಬೇಕು. ಈ ಗುರುತನ್ನು ಮರೆತರೆ ಎಲ್ಲವೂ ಸರಿಯಾಗಿದ್ದೂ ಯಂತ್ರ ಏಳುವುದಿಲ್ಲ. ಮತ್ತೆ ಚಾಲೂ ಮಾಡಿ, ಫಾರ್ಮ್ಯಾಟ್ ಆಜ್ಞೆಯನ್ನು ಎಸ್ ಎಂಬ ಸೂಚನೆಯೊಡನೆ ನೀಡಿದರೆ ಡಿಸ್ಕು ಶುದ್ಧವಾಗುವುದರ ಜೊತೆಗೆ ಡಾಸಿನ ಮೂಲಕಡತಗಳೂ ಅಲ್ಲಿ ನೆಲೆಗೊಳ್ಳುತ್ತವೆ. ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡು ಇಷ್ಟಾದರೂ ಏಳದಿದ್ದಲ್ಲಿ ಎಫ್‌ಡಿಸ್ಕನ್ನು ಎಂಬಿಆರ್ ಎಂಬ ಸೂಚನೆಯೊಂದಿಗೆ ಒಮ್ಮೆ ಓಡಿಸುವುದು. ಕ್ಯಾಮರಾಕ್ಕೆಂದು ತಯಾರಾದ ಕಾರ್ಡುಗಳ ಮೊದಲ ಸೆಕ್ಟರಿನಲ್ಲಿ ಎಬ್ಬಿಸುವ ಸಂಕೇತವೇ ಇರದಿರುವುದುಂಟು.

ಇದರ ತರುವಾಯದ ಕಲೆ ಮೆಮೊರಿಯನ್ನು ಹಂಚುವುದು. ಯಂತ್ರದಲ್ಲಿ 16 ಮೆಗಾಬೈಟ್ ಇದ್ದರೂ ಡಾಸಿನ ಕಾರ್ಯಕ್ರಮಗಳಿಗೆ ಮೂಲತಃ ಸಲ್ಲುವುದು ಮೊದಲ 640 ಕಿಲೋಬೈಟು ಮಾತ್ರವೇ ಆಗಿದ್ದು, ಮೌಸು, ಸಿಡಿ, ನೆಟ್‌ವರ್ಕುಗಳ ಡ್ರೈವರುಗಳು ಒಂದೊಂದಾಗಿ ಅದರಲ್ಲಿಯೇ ಬಿಡಾರ ಹೂಡುವುದರಿಂದ, ಕೊನೆಗೆ ಆಟಕ್ಕೋ ಲೆಕ್ಕದ ತಂತ್ರಾಂಶಕ್ಕೋ ಉಳಿಯುವ ಜಾಗ ಸಾಲದಾಗುತ್ತದೆ. ಇದಕ್ಕೆ ಪರಿಹಾರ ಕಾನ್ಫಿಗ್ ಕಡತದಲ್ಲಿದೆ: ಮೊದಲ ಸಾಲಿನಲ್ಲಿ ಹೈಮೆಮ್, 386 ಮತ್ತು ಅದರ ಮೇಲಿನ ಯಂತ್ರವಾದರೆ ಎರಡನೆಯದರಲ್ಲಿ ಇಎಂಎಂ386, ಮೂರನೆಯದರಲ್ಲಿ ಡಾಸನ್ನೇ ಮೇಲಣ ಪ್ರದೇಶಕ್ಕೆ ಏರಿಸುವ ಆಜ್ಞೆ, ಆಮೇಲೆ ಪ್ರತಿಯೊಂದು ಡ್ರೈವರನ್ನೂ ಡಿವೈಸ್-ಹೈ ಎಂಬ ಪದದಿಂದ ಮೇಲಕ್ಕೆ ಕಳುಹಿಸುವುದು. ಪ್ರತಿ ಬದಲಾವಣೆಯ ನಂತರ ಮೆಮ್ ಆಜ್ಞೆ ಕೊಟ್ಟು ಎಷ್ಟು ಉಳಿಯಿತೆಂದು ನೋಡಬೇಕು. 600 ದಾಟಿತೆಂದರೆ ಸಾಕು, ಇನ್ನೂ ನಾಲ್ಕು ಕಿಲೋಬೈಟಿಗಾಗಿ ರಾತ್ರಿಯೆಲ್ಲ ನಿದ್ದೆಗೆಡುವುದು ಹವ್ಯಾಸದ ಎಲ್ಲೆಯನ್ನು ಮೀರಿದ ವ್ಯವಹಾರ.

ವಿಂಡೋಸ್ 98ರ ಸ್ಥಾಪನೆಯಲ್ಲಿ ಒಂದು ಉಪಾಯವನ್ನು ಮಾತ್ರ ತಪ್ಪದೆ ಅನುಸರಿಸಿರಿ. ಸಿಡಿಯಿಂದ ನೇರವಾಗಿ ಸೆಟಪ್ ಓಡಿಸದೆ, ಅದರಲ್ಲಿರುವ ವಿನ್98 ಎಂಬ ಕೋಶವನ್ನು ಸಮಗ್ರವಾಗಿ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡು ಅಲ್ಲಿಂದಲೇ ಪ್ರಾರಂಭಿಸಿದರೆ, ಕೆಲಸ ಬೇಗನೆ ಮುಗಿಯುವುದಲ್ಲದೆ ಮುಂದೆ ಪ್ರತಿಯೊಂದು ಡ್ರೈವರಿಗೂ ಸಿಡಿ ಹಾಕೆಂದು ಅದು ಗೋಗರೆಯುವುದು ತಪ್ಪುತ್ತದೆ. ಡ್ರೈವರುಗಳಲ್ಲಿ ಮದರ್‌ಬೋರ್ಡಿನ ಚಿಪ್‌ಸೆಟ್ಟಿನದು ಮೊದಲು, ಬಳಿಕ ಪರದೆಯದು, ಬಳಿಕ ಧ್ವನಿಯದು, ಬಳಿಕ ನೆಟ್‌ವರ್ಕಿನದು. ಒಂದೊಂದಾದ ಮೇಲೂ ಯಂತ್ರವನ್ನು ಆರಿಸಿ ಎಬ್ಬಿಸುವುದು ಬೇಸರದ ಕೆಲಸವಾದರೂ, ತೊಂದರೆ ಕಂಡಾಗ ಅಪರಾಧಿ ಯಾರೆಂಬುದು ಕೂಡಲೇ ಗೊತ್ತಾಗುತ್ತದೆ. ಧಾರಾಳಿಗಳು 512 ಮೆಗಾಬೈಟಿಗಿಂತ ಹೆಚ್ಚಿನ ಮೆಮೊರಿ ತುಂಬಿದರೆ 95 ಮತ್ತು 98 ಎರಡೂ ಮುಗ್ಗರಿಸುತ್ತವೆ. ಸಿಸ್ಟಮ್ ಇನಿ ಕಡತದ ವಿಕ್ಯಾಶ್ ವಿಭಾಗದಲ್ಲಿ ಗರಿಷ್ಠ ಮಿತಿಯೊಂದನ್ನು ನಮೂದಿಸಿದರೆ ಕೆಲಮಟ್ಟಿಗೆ ಸರಿಹೋಗುವುದಾದರೂ, 256 ಮೆಗಾಬೈಟಿಗೆ ತೃಪ್ತಿಪಟ್ಟುಕೊಳ್ಳುವುದೇ ಜಾಣತನ. ವೇಗವೂ ಅತಿಯಾದರೆ ಶತ್ರುವೇ: ಸುಮಾರು 2 ಗಿಗಾಹರ್ಟ್ಸ್ ಮೀರಿದ ಪ್ರೊಸೆಸರಿನ ಮೇಲೆ, ತಿದ್ದುಪಡಿ ಹಾಕದ ವಿಂಡೋಸ್ 95 ಏಳುವಾಗಲೇ ಸೋಲುತ್ತದೆ; ಬೋರ್ಲ್ಯಾಂಡಿನ ಪ್ಯಾಸ್ಕಲ್ ಭಾಷೆಯಲ್ಲಿ ರಚಿತವಾದ ಎಷ್ಟೋ ಡಾಸ್ ಕಾರ್ಯಕ್ರಮಗಳು 200 ಮೆಗಾಹರ್ಟ್ಸ್ ಆಸುಪಾಸು ದಾಟಿದ ಯಂತ್ರಗಳಲ್ಲಿ ‘ರನ್‌ಟೈಮ್ ಎರರ್ 200’ ಎಂದು ಕೈಚೆಲ್ಲುತ್ತವೆ, ಏಕೆಂದರೆ ಕಾಲವನ್ನು ಅಳೆಯಲೆಂದು ಅವು ಆರಂಭದಲ್ಲಿ ಮಾಡುವ ಭಾಗಾಕಾರದ ಉತ್ತರವು ತನಗೆ ಮೀಸಲಾದ ಸ್ಥಳದಲ್ಲಿ ಹಿಡಿಸದಷ್ಟು ದೊಡ್ಡದಾಗಿಬಿಡುತ್ತದೆ. ಎಕ್ಸ್‌ಪಿಯ ವಿಷಯದಲ್ಲಿ ಹೇಳಬೇಕಾದದ್ದು ಅಲ್ಪ: ಸಾಟಾ ಡಿಸ್ಕುಳ್ಳ ಯಂತ್ರದಲ್ಲಿ ಬಯಾಸಿನೊಳಗೆ ಐಡಿಇ ಮೋಡ್ ಆರಿಸಿದರೆ ಅದು ಸುಖವಾಗಿ ಕುಳಿತುಕೊಳ್ಳುತ್ತದೆ.

ಆಪಲ್ ಯಂತ್ರಗಳ ಕಥೆಯೇ ಬೇರೆ. ಹಳೆಯ ಮ್ಯಾಕಿಂತೋಷಿನ 400 ಮತ್ತು 800 ಕಿಲೋಬೈಟಿನ ಫ್ಲಾಪಿಗಳನ್ನು ಬರೆಯುವಾಗ ಡ್ರೈವಿನ ವೇಗ ಗೆರೆಯಿಂದ ಗೆರೆಗೆ ವ್ಯತ್ಯಾಸವಾಗುತ್ತಿದ್ದುದರಿಂದ ನಮ್ಮ ಪೆಂಟಿಯಮ್ ದುಭಾಷಿಯು ಅವುಗಳ ಮುಂದೆ ಮೂಕನಾಗುತ್ತಾನೆ; 1.44 ಮೆಗಾಬೈಟಿನ ಡ್ರೈವೂ ನೆಟ್‌ವರ್ಕಿನ ಸೌಕರ್ಯವೂ ಉಳ್ಳ ಸ್ವಲ್ಪ ಈಚಿನ ಮ್ಯಾಕಿಂತೋಷೇ ಅಲ್ಲಿ ಮಧ್ಯಸ್ಥನಾಗಬೇಕು. ಒಂದು ಮೆಗಾಬೈಟ್ ಮೆಮೊರಿಯ ಮ್ಯಾಕಿಗೆ ಸಿಸ್ಟಮ್ 6, ನಾಲ್ಕು ಅಥವಾ ಹೆಚ್ಚು ಇದ್ದರೆ 1991ರ ಸಿಸ್ಟಮ್ 7. 68040 ಪ್ರೊಸೆಸರಿನವಕ್ಕೆ ಮ್ಯಾಕ್ ಓಎಸ್ 8.1ಕ್ಕಿಂತ ಮುಂದೆ ದಾರಿಯಿಲ್ಲ.

ಗಡಿಯಾರದಲ್ಲಿ ಇನ್ನೊಂದು ತೊಡಕುಂಟು. ಕೆಲವು ಹಳೆಯ ಬಯಾಸುಗಳಿಗೆ 1999ರ ಆಚೆಗೆ ವರ್ಷವೆಂಬುದೇ ಇಲ್ಲ. ಅಂತಹ ಯಂತ್ರಕ್ಕೆ ಇಪ್ಪತ್ತೆಂಟು ವರ್ಷ ಹಿಂದಿನ ಇಸವಿಯನ್ನು ಕೊಡಬಹುದು. 2026ರ ಬದಲು 1998 ಎಂದು ತುಂಬಿದರೆ ತಾರೀಖೂ ವಾರವೂ ಅಧಿಕ ದಿನವೂ ಇಂದಿನ ಪಂಚಾಂಗಕ್ಕೆ ಸರಿಯಾಗಿ ಹೊಂದುತ್ತವೆ. ಕಡತಗಳ ಮೇಲೆ ಬೀಳುವ ಇಸವಿ ತಪ್ಪಾಗಿರುವುದೆಂಬುದು ನೆನಪಿನಲ್ಲಿರಲಿ.

ಯಂತ್ರಯಂತ್ರಗಳ ನಡುವೆ ಕಡತಗಳನ್ನು ಸಾಗಿಸಲು ಮಾರ್ಗಗಳು ಹಲವು. ಎರಡು ಯಂತ್ರಗಳಿಗೂ ಸಮಾನವಾದ ಫ್ಲಾಪಿಯಿಲ್ಲದಿದ್ದರೆ ಎಂಎಸ್-ಡಾಸ್ 6ರೊಡನೆ ಬಂದ ಇಂಟರ್‌ಲಿಂಕ್ ಸಾಕು. ಅದರ ಜೊತೆಗಾರ ಇಂಟರ್‌ಸರ್ವ್‌ಗೆ ಆರ್-ಕಾಪಿ ಎಂಬ ಸೂಚನೆ ಕೊಟ್ಟರೆ, ಏಳು ತಂತಿಯ ನಲ್-ಮೋಡೆಮ್ ಕೇಬಲಿನ ಮೂಲಕ ಅದು ತನ್ನನ್ನು ತಾನೇ ಆಚೆಯ ಯಂತ್ರಕ್ಕೆ ದಾಟಿಸಿಕೊಳ್ಳುತ್ತದೆ. ಎಂತಹ ಚಮತ್ಕಾರವೆಂಬುದನ್ನು ಒಮ್ಮೆ ಮಾಡಿ ನೋಡಿಯೇ ತಿಳಿಯಬೇಕು. ನೆಟ್‌ವರ್ಕ್ ಕಾರ್ಡಿದ್ದಲ್ಲಿ ಮೈಕೆಲ್ ಬ್ರಟ್‌ಮನ್ ಎಂಬವರು ರಚಿಸಿರುವ ಎಂಟಿಸಿಪಿ ಎಂಬ ತಂತ್ರಾಂಶಸಮೂಹವು 8088 ಯಂತ್ರವನ್ನೂ ಎಫ್‌ಟಿಪಿ ಮೂಲಕ ಮನೆಯ ಜಾಲಕ್ಕೆ ಸೇರಿಸಬಲ್ಲದು. ಆದರೆ ಅದು ಮನೆಯ ಜಾಲವಾಗಿಯೇ ಇರಲಿ: ವಿಂಡೋಸ್ 98ಕ್ಕೆ 2006ರಲ್ಲಿಯೂ ಎಕ್ಸ್‌ಪಿಗೆ 2014ರಲ್ಲಿಯೂ ಕಂಪನಿಯ ರಕ್ಷಣೆ ನಿಂತುಹೋಗಿರುವುದರಿಂದ, ಅವನ್ನು ಅಂತರ್ಜಾಲಕ್ಕೆ ತೆರೆದಿಡುವುದು ಬಾಗಿಲಿಲ್ಲದ ಮನೆಯಲ್ಲಿ ಒಡವೆಯಿಟ್ಟಂತೆ. ಹೊಸ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು, ವೈರಸ್ ಪರೀಕ್ಷಿಸಿ, ಅಲ್ಲಿಂದ ದುಭಾಷಿಗೆ, ದುಭಾಷಿಯಿಂದ ಹಿರಿಯರಿಗೆ ಎಂಬ ಸರಣಿಯೇ ಯುಕ್ತವಾದದ್ದು. ಸ್ಥಾಪನೆಯ ಕ್ರಮ ಇನ್ನೂ ಕೈಗೆ ಹತ್ತದವರು 86ಬಾಕ್ಸ್ ಎಂಬ ಎಮ್ಯುಲೇಟರಿನಲ್ಲಿ ತಮ್ಮ ಯಂತ್ರವನ್ನೇ ಹೋಲುವ ಬೋರ್ಡನ್ನು ಆರಿಸಿಕೊಂಡು ಆದ್ಯಂತವಾಗಿ ಅಭ್ಯಾಸ ಮಾಡಿದರೆ, ಮುಪ್ಪಾದ ಡ್ರೈವುಗಳನ್ನು ವೃಥಾ ತಿರುಗಿಸುವ ಪ್ರಮೇಯ ಬರುವುದಿಲ್ಲ.

ಕನ್ನಡಿಗರಿಗೆ ಈ ಹವ್ಯಾಸದಿಂದ ಒದಗಬಹುದಾದ ಪ್ರಯೋಜನವೊಂದನ್ನು ಇಲ್ಲಿ ಪ್ರಸ್ತಾಪಿಸದೆ ಬಿಡಲಾಗದು. ತೊಂಬತ್ತರ ದಶಕದಿಂದ ಮೊದಲುಗೊಂಡು ನಮ್ಮ ಮುದ್ರಣಾಲಯಗಳೂ ಡಿಟಿಪಿ ಕೇಂದ್ರಗಳೂ ಅಸಂಖ್ಯಾತ ಪುಸ್ತಕಗಳನ್ನೂ ಸ್ಮರಣಸಂಚಿಕೆಗಳನ್ನೂ ಆಹ್ವಾನಪತ್ರಿಕೆಗಳನ್ನೂ ಪೇಜ್‌ಮೇಕರಿನಲ್ಲಿ ಜೋಡಿಸಿದವು. ಆ ತಂತ್ರಾಂಶದ ಕಡೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದರಲ್ಲಿ ಬಳಸಿದ ಕನ್ನಡ ಅಕ್ಷರರೂಪಗಳೋ ಯೂನಿಕೋಡಿಗೆ ಮುಂಚಿನವು, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ತಕ್ಕ ಫಾಂಟು ಇಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಶೇಷಾದ್ರಿವಾಸು ಅವರ 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಆರಂಭದ ಆವೃತ್ತಿಗಳಲ್ಲಿ ಬರೆದ ದಾಖಲೆಗಳ ಸ್ಥಿತಿಯೂ ಇದೇ. ಕೆಲವು ಡಿಟಿಪಿ ತಂತ್ರಾಂಶಗಳಂತೂ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಇಲ್ಲದೆ ಏಳುವುದೇ ಇಲ್ಲ, ಆ ಪೋರ್ಟಾದರೂ ಹೊಸ ಯಂತ್ರಗಳಲ್ಲಿ ಉಳಿದಿಲ್ಲ. ಹೀಗಾಗಿ ವಿಂಡೋಸ್ 98 ಹಾಕಿದ ನಮ್ಮ ದುಭಾಷಿಯೇ ಇಲ್ಲಿ ಮತ್ತೆ ಮುಂದೆ ಬರಬೇಕು.

ಇಂತಹ ಕಡತಗಳನ್ನು ಬಿಡಿಸುವಾಗ ಮೂಲ ತಂತ್ರಾಂಶವನ್ನೂ ಮೂಲ ಫಾಂಟುಗಳನ್ನೂ ಅದೇ ಆವೃತ್ತಿಯಲ್ಲಿ ಸ್ಥಾಪಿಸಿಕೊಂಡು, ಕಡತದ ನಕಲೊಂದನ್ನು ತೆರೆದು, ಪೋಸ್ಟ್‌ಸ್ಕ್ರಿಪ್ಟ್ ಮುದ್ರಕದ ಡ್ರೈವರನ್ನು ಆರಿಸಿ, ಕಾಗದಕ್ಕೆ ಬದಲಾಗಿ ಕಡತಕ್ಕೆ ಮುದ್ರಿಸಿದರೆ ಪುಟದ ರೂಪ ಯಥಾವತ್ತಾಗಿ ದೊರೆಯುತ್ತದೆ. ಅದನ್ನು ಹೊಸ ಯಂತ್ರಕ್ಕೆ ಸಾಗಿಸಿ ಪಿಡಿಎಫ್ ಮಾಡಿಕೊಳ್ಳಬಹುದು. ಬರಹವನ್ನು ತಿದ್ದುವ, ಹುಡುಕುವ ಅಗತ್ಯವಿರುವವರು ಪಠ್ಯವನ್ನು ಬೇರೆಯಾಗಿ ಹೊರತೆಗೆದು ಯೂನಿಕೋಡಿಗೆ ಪರಿವರ್ತಿಸುವ ಸಾಧನಕ್ಕೆ ಒಪ್ಪಿಸಬೇಕು. ಪರಿವರ್ತಕವನ್ನು ಆರಿಸುವಾಗ ಫಾಂಟಿನ ಮನೆತನವನ್ನು ಸರಿಯಾಗಿ ಗುರುತಿಸಿಕೊಳ್ಳತಕ್ಕದ್ದು, ಏಕೆಂದರೆ ಒಂದು ಸಂಸ್ಥೆಯ ಫಾಂಟಿನಲ್ಲಿ ಕಕಾರವಿರುವ ಸ್ಥಾನದಲ್ಲಿ ಇನ್ನೊಂದರಲ್ಲಿ ಬೇರೆಯೇ ಅಕ್ಷರವಿರುತ್ತದೆ. ಪರಿವರ್ತನೆಯಾದ ಮೇಲೂ ಅರ್ಕಾವೊತ್ತುಳ್ಳ ಪದಗಳನ್ನೂ ಒತ್ತಕ್ಷರಗಳನ್ನೂ ಮುದ್ರಿತ ಪುಟದೊಡನೆ ಒಂದೊಂದಾಗಿ ತಾಳೆ ನೋಡಬೇಕು. ದೋಷಗಳು ಹೆಚ್ಚಾಗಿ ನುಸುಳುವುದು ಅಲ್ಲಿಯೇ.